ಕಿವಿರಾಯನ ಪಿಕಪ್ ಪರೀಕ್ಷೆ

ಎಲೆಕ್ಟ್ರಿಕ್ ಗಿಟಾರ್ ಕರ್ಕಶವಾಗಿ ಕೇಳಿಸುವುದಕ್ಕೆ ಕಾರಣಗಳು ಹಲವು. ತಂತಿ ತುಕ್ಕು ಹಿಡಿದಿರಬಹುದು, ಒಳಗಿನ ವೈರು ಸಡಿಲಾಗಿರಬಹುದು, ಸ್ಪೀಕರಿನ ಕಾಗದ ಹರಿದಿರಬಹುದು. ನುಡಿಸುವವನೂ ಒಂದು ಕಾರಣವಾಗಿರಬಹುದು ಎಂಬುದನ್ನು ಮಾತ್ರ ನನ್ನ ಷಡ್ಡಕ ಒಪ್ಪಲಿಲ್ಲ. ಒಪ್ಪಿಬಿಟ್ಟಿದ್ದರೆ ನಮ್ಮ ಅತ್ತೆಯ ಕಾರಿನ ಕೀ ಗೋಧಿಹಿಟ್ಟಿನ ಡಬ್ಬಿ ಸೇರುತ್ತಿರಲಿಲ್ಲ, ಮೇಲಿನ ಮನೆಯ ಸೂಪರಿಂಟೆಂಡೆಂಟರಿಗೂ ಬೀದಿಯ ಬೇಕರಿಯವರಿಗೂ ಮಾತು ನಿಲ್ಲುತ್ತಿರಲಿಲ್ಲ.

ಅವನೂ ನಾನೂ ಅಕ್ಕತಂಗಿಯರನ್ನು ಮದುವೆಯಾದವರು. ನನ್ನದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಕೆಲಸ. ಅವನದು ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುವ ಕೆಲಸ. ಅದಕ್ಕೇ ಬಳಗದಲ್ಲಿ ಅವನ ಹೆಸರು ಕಿವಿರಾಯ. ಗಾಜಿನ ಕಿಟಕಿಯಿರುವ ಪುಟ್ಟ ಬೂತಿನೊಳಗೆ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಬೆರಳೆತ್ತಿ ಎನ್ನುತ್ತಾನೆ. ಈಚೆ ಕೂತು ಸಣ್ಣ ದೊಡ್ಡ ಸದ್ದುಗಳನ್ನು ಬಿಡುತ್ತಾನೆ. ನಡುನಡುವೆ ಯಾವ ಸದ್ದನ್ನೂ ಬಿಡದೆ ಸುಮ್ಮನೆ ಕಾಯುತ್ತಾನೆ. ಏನೂ ಇಲ್ಲದಾಗ ಬೆರಳೆತ್ತುವವರನ್ನು ಹಿಡಿಯುವುದು ಹಾಗೆಯೇ ಅಂತೆ. ಅಂಥವರ ಸಂಖ್ಯೆ ದೊಡ್ಡದು, ಮನುಷ್ಯನಿಗೆ ‘ಕೇಳಿಸಲಿಲ್ಲ’ ಎನ್ನುವುದಕ್ಕಿಂತ ‘ಕೇಳಿಸಿತು’ ಎನ್ನುವುದು ಸುಲಭ ಎಂದು ಅವನೇ ನನಗೆ ಹೇಳಿದ್ದ. ಓದುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನು ಮರೆತ.

ನಡುವಯಸ್ಸಿನಲ್ಲಿ ಅವನಿಗೆ ಗಿಟಾರಿನ ಹುಚ್ಚು ಹಿಡಿಯಿತು. ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ದೊಡ್ಡ ಡಾಕ್ಟರು ಹಾಡುವುದು, ಔಷಧಿ ಕೌಂಟರಿನವರು ಡ್ರಮ್ ಬಾರಿಸುವುದು, ಕಿವಿರಾಯ ಗಿಟಾರ್ ನುಡಿಸುವುದು ಎಂದು ನಿಗದಿಯಾಯಿತು. ಮೊದಲ ರಿಹರ್ಸಲ್ ಮುಗಿದ ಮೇಲೆ ಔಷಧಿ ಕೌಂಟರಿನವರು, ನಿಮ್ಮ ಗಿಟಾರ್ ತಗಡಿನ ಡಬ್ಬಿಯನ್ನು ಕಲ್ಲಿನ ಮೇಲೆ ಎಳೆದ ಹಾಗಿದೆ ಎಂದರು. ದೊಡ್ಡ ಡಾಕ್ಟರು ಏನೂ ಹೇಳದೆ ತಮ್ಮ ಕಿವಿಯನ್ನೇ ಮುಟ್ಟಿ ನೋಡಿಕೊಂಡರು. ಕಿವಿ ಡಾಕ್ಟರು ಕಿವಿ ಮುಟ್ಟಿಕೊಂಡರೆ ಅದಕ್ಕಿಂತ ದೊಡ್ಡ ವಿಮರ್ಶೆ ಇನ್ನೇನಿದೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಿವಿರಾಯ ಅಷ್ಟಕ್ಕೇ ನಿಲ್ಲದೆ ನೆಲವನ್ನೇ ಅಗೆಸಲು ಹೊರಟ. ತಪ್ಪು ಪಿಕಪ್ಪಿನದು ಎಂದು ತೀರ್ಮಾನಿಸಿದ. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತಿರುವ ಅಯಸ್ಕಾಂತ. ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ; ಮೇಲಿನ ತಂತಿ ಕಂಪಿಸಿದರೆ ಅದರಲ್ಲಿ ಚೂರು ವಿದ್ಯುತ್ತು ಹುಟ್ಟಿ ಸ್ಪೀಕರಿಗೆ ಹೋಗುತ್ತದೆ. ಅವನ ಗಿಟಾರಿನಲ್ಲಿ ಇವು ಎರಡು: ಒಂದು ಗಿಟಾರಿನ ಕತ್ತಿನ ಬಳಿ, ಇನ್ನೊಂದು ತಂತಿಗಳನ್ನು ಬಿಗಿದಿರುವ ಬ್ರಿಜ್ಜಿನ ಬಳಿ. ಎರಡರಲ್ಲಿ ಯಾವುದು ಹಾಡಬೇಕು ಎಂದು ಹೇಳುವುದಕ್ಕೆ ಒಂದು ಪುಟ್ಟ ಸ್ವಿಚ್ಚು. ಅದರ ಕಡ್ಡಿಯನ್ನು ಯಾವ ಕಡೆ ವಾಲಿಸುತ್ತೀರೋ ಆ ಕಡೆಯದು ಬಾಯಿ ಬಿಡುತ್ತದೆ, ಇನ್ನೊಂದು ಬಾಯಿ ಮುಚ್ಚುತ್ತದೆ. ಕತ್ತಿನ ಬಳಿಯದು ಸಾಧು, ಬ್ರಿಜ್ಜಿನ ಬಳಿಯದೇ ರಾಕ್ಷಸ, ಅದನ್ನು ಕಿತ್ತು ಬೇರೆ ಹಾಕಬೇಕು ಎಂದು ಅವನ ಲೆಕ್ಕಾಚಾರ.

ವಾದ್ಯದಂಗಡಿಯವರು ಸಂಬಂಧ ಕುದುರಿಸುವವರ ಹಾಗೆ ಮೂರು ಪಿಕಪ್ ಮುಂದಿಟ್ಟರು. ಒಂದು ಬೆಚ್ಚಗಿನ ಸ್ವಭಾವದ್ದು, ಒಂದು ಹೊಳಪಿನದು, ಮೂರನೆಯದಕ್ಕೆ ಹಳೆಯ ಕಾಲದ ಗಾಂಭೀರ್ಯ. ಮನೆಗೆ ಕೊಂಡೊಯ್ದು ಕೇಳಿ ನೋಡಿ, ಒಪ್ಪದ್ದನ್ನು ವಾಪಸ್ ತಂದುಕೊಡಿ ಎಂದರು. ತಾನೊಬ್ಬನೇ ಕೇಳಿ ಆರಿಸಿದರೆ ಪಕ್ಷಪಾತವಾದೀತು ಎಂದು ಕಿವಿರಾಯ ಭಾನುವಾರ ಬೆಳಗ್ಗೆ ತನ್ನ ಮನೆಯಲ್ಲಿ ಒಂದು ಪಂಚಾಯಿತಿ ಸೇರಿಸಿದ.

ಪಂಚರು ಯಾರೆಂದು ಹೇಳಿಬಿಡುತ್ತೇನೆ. ನಾನು. ಪರದೆ ಬಟ್ಟೆಯ ಅಂಗಡಿ ನಡೆಸುವ ನನ್ನ ಹೆಂಡತಿ. ಅವನ ಹೆಂಡತಿ, ಅಂದರೆ ನನ್ನ ನಾದಿನಿ. ಮೇಲಿನ ಮನೆಯವರಾದ ಲೈಸೆನ್ಸ್ ಆಫೀಸಿನ ಸೂಪರಿಂಟೆಂಡೆಂಟರು. ಅದೇ ಕಟ್ಟಡದ ಬೀದಿಬದಿಯ ಬೇಕರಿಯವರು. ಕೊನೆಯದಾಗಿ ನಮ್ಮಿಬ್ಬರ ಅತ್ತೆ.

ಅತ್ತೆ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಬೋರ್ಡಿನ ಮೇಲೆ ಬರೆಯುತ್ತಲೇ, ತಿರುಗಿ ನೋಡದೆ, ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದವರ ಹೆಸರು ಹಿಡಿದು ಕರೆಯುತ್ತಿದ್ದವರು. ಅದೇ ಕಟ್ಟಡದ ನೆಲಮಹಡಿಯಲ್ಲಿ ಅವರ ಮನೆ. ಪ್ರತಿದಿನ ಬೆಳಗ್ಗೆ ತಮ್ಮ ಹಸಿರು ಬಣ್ಣದ ಪುಟ್ಟ ಕಾರಿನಲ್ಲಿ ತಮ್ಮದೇ ವಯಸ್ಸಿನ ಗೆಳತಿಯರನ್ನು ತುಂಬಿಕೊಂಡು ಈಜುಕೊಳಕ್ಕೆ ಹೋಗುತ್ತಾರೆ. ಆ ಗೆಳತಿಯರಲ್ಲಿ ಬೇರೆ ಯಾರಿಗೂ ಕಾರು ಬಿಡಲು ಬಾರದು, ಬಸ್ಸು ಆ ಕಡೆ ಹೋಗುವುದಿಲ್ಲ. ಕಾರು ನಿಂತರೆ ಈಜು ನಿಂತಂತೆ. ಮಂಡಿನೋವಿನ ಒಬ್ಬರಂತೂ, ನೀರಿನಲ್ಲಿರುವ ಅರ್ಧ ಗಂಟೆ ಮಾತ್ರ ನಾನು ಮನುಷ್ಯಳು ಎನ್ನುತ್ತಿದ್ದರು. ಅತ್ತೆಯ ಲೈಸೆನ್ಸಿನ ಅವಧಿ ಮುಗಿಯುತ್ತಾ ಬಂದಿತ್ತು. ನವೀಕರಣದ ಅರ್ಜಿ ಇದೇ ಸೂಪರಿಂಟೆಂಡೆಂಟರ ಮೇಜಿನ ಮೇಲಿತ್ತು.

ಪರೀಕ್ಷೆಯ ಕ್ರಮ ಆಸ್ಪತ್ರೆಯದೇ. ನಾವೆಲ್ಲ ಅವನಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂರಬೇಕು. ಹಳೆಯ ಪಿಕಪ್ ‘ಅ’, ಹೊಸವು ‘ಆ’, ‘ಇ’, ‘ಈ’. ಒಂದೊಂದನ್ನೂ ಬೆಸುಗೆ ಹಾಕಿ ಅದೇ ರಾಗವನ್ನು ನುಡಿಸುತ್ತಾನೆ. ಹಿಂದಿನದಕ್ಕಿಂತ ಸದ್ದು ಬದಲಾಗಿದೆ ಅನ್ನಿಸಿದರೆ ಬೆರಳೆತ್ತಬೇಕು, ಆಮೇಲೆ ಅಭಿಪ್ರಾಯ ಹೇಳಬೇಕು. ಬೆಸುಗೆ ಹಾಕುವಷ್ಟು ಹೊತ್ತು ಟೀ.

ಪ್ರಯೋಗದಲ್ಲಿ ಒಂದನ್ನು ಬದಲಿಸುವಾಗ ಉಳಿದದ್ದೆಲ್ಲ ಅಲುಗಾಡದಂತೆ ಇರಬೇಕು ಎಂಬುದು ವಿಜ್ಞಾನದ ಮೊದಲ ಪಾಠ. ಅದರಂತೆ ಕಿವಿರಾಯ, ಕೈ ತಗುಲಿ ಸ್ವಿಚ್ಚಿನ ಕಡ್ಡಿ ಸರಿಯದಿರಲಿ ಎಂದು, ಆಸ್ಪತ್ರೆಯಿಂದ ತಂದಿದ್ದ ಗಾಯಕ್ಕೆ ಸುತ್ತುವ ಬಿಳಿ ಟೇಪಿನಿಂದ ಅದನ್ನು ಬಿಗಿದ. ಗಿಟಾರನ್ನು ಕೊರಳಿಗೆ ಹಾಕಿಕೊಂಡಾಗ ಬ್ರಿಜ್ಜು ಅವನ ಬಲಕ್ಕೆ ಬರುತ್ತದೆ. ಆದ್ದರಿಂದ ಕಡ್ಡಿಯನ್ನು ಬಲಕ್ಕೆ ವಾಲಿಸಿ ಟೇಪು ಹಚ್ಚಿದ. ಎಲ್ಲ ಸರಿಯೇ, ಆದರೆ ಆಗ ಗಿಟಾರ್ ಕೊರಳಿನಲ್ಲಿರಲಿಲ್ಲ. ಊಟದ ಮೇಜಿನ ಮೇಲೆ, ತಲೆ ಬಲಕ್ಕೆ ಕಾಲು ಎಡಕ್ಕೆ ಮಾಡಿ ಮಲಗಿತ್ತು. ಹೀಗಾಗಿ ಅವನು ಬಿಗಿದದ್ದು ಕತ್ತಿನ ಕಡೆಗೆ. ಬ್ರಿಜ್ಜಿನ ಬಳಿ ಅವನು ಏನನ್ನು ಕಿತ್ತು ಏನನ್ನು ಬೆಸೆದರೂ ಸ್ಪೀಕರಿನಲ್ಲಿ ಹಾಡುತ್ತಿದ್ದುದು ಕತ್ತಿನ ಬಳಿಯ ಅದೇ ಹಳೆಯ ಸಾಧು. ಟೇಪು ಹಚ್ಚುವುದನ್ನು ನಾನೂ ನೋಡುತ್ತಿದ್ದೆ. ಎಷ್ಟು ಅಚ್ಚುಕಟ್ಟು ಎಂದು ತಲೆದೂಗಿದೆ.

‘ಅ’ ನುಡಿಸಿದ. ಟೀ ಬಂತು. ‘ಆ’ ನುಡಿಸಿದ. ಗೋಡೆಯ ಮುಂದೆ ಒಂದು ಕ್ಷಣ ಯಾರೂ ಅಲುಗಲಿಲ್ಲ. ಸೂಪರಿಂಟೆಂಡೆಂಟರ ಬೆರಳು ಮೇಲೆದ್ದಿತು. ಅದನ್ನು ಓರೆಗಣ್ಣಿನಲ್ಲಿ ಕಂಡು ಬೇಕರಿಯವರದು, ಆಮೇಲೆ ನನ್ನ ಹೆಂಡತಿಯದು, ನಾದಿನಿಯದು, ನನ್ನದು. ಹಿಂದಿನದು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವರ ದನಿಯ ಹಾಗಿತ್ತು, ಇದರಲ್ಲಿ ಒಂದು ಶಿಸ್ತಿದೆ ಎಂದು ಸೂಪರಿಂಟೆಂಡೆಂಟರು ಹೇಳಿದರು. ನನ್ನ ಹೆಂಡತಿಗೆ ಹಿಂದಿನದು ಗೋಣಿ, ಇದು ರೇಷ್ಮೆ. ಮೇಲಿನ ಕಂಪನಾಂಕಗಳು ತುಸು ಏರಿದಂತಿದೆ ಎಂದು ನಾನು ಹೇಳಿದೆ. ಭೌತಶಾಸ್ತ್ರವೇ ಬಾಯಿಬಿಟ್ಟ ಮೇಲೆ ಅನುಮಾನಕ್ಕೆ ಜಾಗವೆಲ್ಲಿ?

‘ಇ’ ನುಡಿಸಿದಾಗ ಬೇಕರಿಯವರು ಕಣ್ಣು ಮುಚ್ಚಿಕೊಂಡರು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಹದ ಅಂದರೆ ಇದು ಎಂದರು. ಸೂಪರಿಂಟೆಂಡೆಂಟರು ಅದನ್ನು ತಳ್ಳಿಹಾಕಿದರು. ಅವರ ಕಿವಿಗೆ ‘ಇ’ ಶಿಸ್ತು ತಪ್ಪಿದ ಸದ್ದು. ಬೇಕರಿಯವರು, ಶಿಸ್ತು ಕೇಳಬೇಕಿದ್ದರೆ ಆಫೀಸಿಗೇ ಹೋಗಬಹುದಲ್ಲ, ಸಂಗೀತ ಯಾಕೆ ಎಂದರು. ‘ಈ’ ಯಾರಿಗೂ ಹಿಡಿಸಲಿಲ್ಲ. ಅದರಲ್ಲಿ ಏನೋ ಕಹಿಯಿದೆ ಎಂದು ಎಲ್ಲರೂ ಒಪ್ಪಿದೆವು. ‘ಇ’ಗೆ ಬಹುಮತ ಬಂತು. ಬೇಕರಿಯವರು ಗೆದ್ದ ಅಭ್ಯರ್ಥಿಯ ಹಾಗೆ ಸುತ್ತ ನೋಡಿದರು. ಸೂಪರಿಂಟೆಂಡೆಂಟರು ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು.

ಆಗಲೇ ಕಿವಿರಾಯ ಅತ್ತೆಯನ್ನು ಗಮನಿಸಿದ್ದು. ಅತ್ತೆಯ ಎರಡೂ ಕೈ ಮಡಿಲಲ್ಲೇ ಇದ್ದವು. ಮೊದಲಿನಿಂದ ಕೊನೆಯವರೆಗೆ ಅವರು ಒಂದು ಬೆರಳನ್ನೂ ಎತ್ತಿರಲಿಲ್ಲ.

ಅವನ ಮುಖ ಬದಲಾಯಿತು. ಆಸ್ಪತ್ರೆಯಲ್ಲಿ ಗಾಜಿನ ಈಚೆ ಕೂತಾಗ ಬರುವ ಮುಖ ಅದು. ಮತ್ತೊಮ್ಮೆ ‘ಇ’ಯನ್ನು ಜೋರಾಗಿ ನುಡಿಸಿ, ಬೇರೆ ಥರ ಕೇಳಿಸಿತಾ ಎಂದು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದ.

“ಕೇಳಿಸ್ತು,” ಎಂದರು ಅತ್ತೆ. “ಬೆಳಗ್ಗೆಯಿಂದ ಏನು ಕೇಳಿಸ್ತಾ ಇದೆಯೋ ಅದೇ ಕೇಳಿಸ್ತು.”

ನಾವು ಐವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಐವರಿಗೆ ಕೇಳಿಸಿದ್ದು ಒಬ್ಬರಿಗೆ ಕೇಳಿಸಲಿಲ್ಲ ಎಂದರೆ ಅದಕ್ಕೆ ಬೇರೆ ಅರ್ಥ ಉಂಟೇ? ಸೂಪರಿಂಟೆಂಡೆಂಟರು ಗಂಟಲು ಸರಿಪಡಿಸಿಕೊಂಡರು. ಅವರು ಕೆಟ್ಟವರಲ್ಲ, ಕರ್ತವ್ಯನಿಷ್ಠರು. ನೆರೆಹೊರೆಗೆ ಇದು ಇನ್ನೂ ಅಪಾಯ. ಮೇಡಂ ಅವರ ಫೈಲು ತಮ್ಮ ಮುಂದಿದೆ, ನೋಡಿಯೂ ನೋಡದ ಹಾಗಿರುವುದು ತಮ್ಮಿಂದಾಗದು ಎಂದು ಬಹಳ ದುಃಖದಿಂದ ಹೇಳಿ, ಮಹಡಿ ಹತ್ತಿದರು.

ಅಂದು ಸಂಜೆಯೊಳಗೆ ಅತ್ತೆ ಬಳಗದ ಪಾಲಿಗೆ ಕಿವುಡಿಯಾದರು. ಎಲ್ಲರೂ ಅವರೊಂದಿಗೆ ಹೊಳೆಯ ಆಚೆ ದಡದಲ್ಲಿರುವವರನ್ನು ಕರೆಯುವ ಹಾಗೆ ಮಾತಾಡತೊಡಗಿದರು. ಬೇಕರಿಯವರು ಬನ್ನು ಕೊಡುವಾಗ ಬನ್ನನ್ನೇ ಎತ್ತಿ ಸನ್ನೆ ಮಾಡಿ ತೋರಿಸಿದರಂತೆ. ದೂರದ ಊರಿನ ಚಿಕ್ಕಮ್ಮ ಫೋನ್ ಮಾಡಿ, ಕಿವಿ ಕೇಳಿಸದವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ ಎಂದು ಅತ್ತೆಗೇ ಹೇಳಿ ಇಟ್ಟುಬಿಟ್ಟರು. ನನ್ನ ಹೆಂಡತಿ, ಲೈಸೆನ್ಸಿನ ವಿಷಯ ಇತ್ಯರ್ಥವಾಗುವವರೆಗೆ ಎಂದು ಹೇಳಿಕೊಂಡು, ಅಮ್ಮನ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದ ಕಾರಿನ ಕೀ ತೆಗೆದುಕೊಂಡು ಬಂದು ನಮ್ಮ ಮನೆಯ ಗೋಧಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು.

ಸೋಮವಾರ ಬೆಳಗ್ಗೆ ಗೇಟಿನ ಬಳಿ ಗೆಳತಿಯರು ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅತ್ತೆ ಮೊಳೆಯನ್ನು ನೋಡಿದರು. ಬರಿಯ ಮೊಳೆ. ಹೊರಗೆ ಬಂದು, ಇವತ್ತು ಇಲ್ಲ ಎಂದಷ್ಟೇ ಹೇಳಿದರು. ಮಂಡಿನೋವಿನವರು ಗೇಟು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಆಮೇಲೆ ಹಿಂತಿರುಗಿದರಂತೆ. ಅತ್ತೆ ನೇರ ಕಿವಿರಾಯನ ಮನೆಗೆ ಹೋದರು. ಪಿಕಪ್‌ಗಳನ್ನು ಅಂಗಡಿಗೆ ವಾಪಸ್ ಒಯ್ಯಲು ನಾನೂ ಜೊತೆಗೆ ಬರುತ್ತೇನೆಂದಿದ್ದರಿಂದ ಅಲ್ಲೇ ಇದ್ದೆ. ಇರಬಾರದಿತ್ತು.

“ಅಳಿಯಂದಿರೇ, ಬದಲಾದರೆ ಬೆರಳೆತ್ತಿ ಅಂದ್ರಿ. ಬದಲಾಗಲಿಲ್ಲ, ಎತ್ತಲಿಲ್ಲ. ಇದರಲ್ಲಿ ನನ್ನ ಕಾರು ಮಾಡಿದ ತಪ್ಪೇನು?”

ಕಿವಿರಾಯ ನೆಲ ನೋಡಿದ. ಒಂದು ಸಲ ಆಸ್ಪತ್ರೆಗೆ ಬಂದು ಬೂತಿನಲ್ಲಿ ಕೂತು ಹೋಗಿ, ಹತ್ತೇ ನಿಮಿಷ, ಎಲ್ಲ ತಿಳಿದುಹೋಗುತ್ತದೆ ಎಂದು ಬೇಡಿಕೊಂಡ. ಸೂಪರಿಂಟೆಂಡೆಂಟರು ಶನಿವಾರದೊಳಗೆ ರಿಪೋರ್ಟು ಬೇಕು ಅಂದಿದ್ದಾರೆ, ರಿಪೋರ್ಟು ಬರದಿದ್ದರೆ ಲೈಸೆನ್ಸ್ ನಿಲ್ಲುತ್ತದೆ ಎಂದೂ ಹೇಳಿದ.

“ನಿಜ ಹೇಳಿದ್ದಕ್ಕೆ ನನ್ನನ್ನ ಡಬ್ಬದಲ್ಲಿ ಕೂರಿಸ್ತೀರಾ? ನಾನು ಬರಲ್ಲ.”

ಅತ್ತೆ ಇಳಿದು ಹೋದರು. ಬರುವುದಿಲ್ಲ ಅಂದರೆ ಹೆದರಿದ್ದಾರೆ ಅಂತಲೇ ಎಂದು ನಾದಿನಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಕಿವಿರಾಯನ ಸಂಕಟವೇ ಬೇರೆ. ತನ್ನ ಕೆಲಸದ ವಿಷಯದಲ್ಲಿ ಅವನು ಸುಳ್ಳು ಬರೆಯುವವನಲ್ಲ. ಚೆನ್ನಾಗಿ ಕೇಳಿಸುತ್ತದೆ ಎಂದು ಸುಮ್ಮನೆ ಬರೆದುಕೊಡುವುದು ಅವನಿಂದಾಗದು. ಕೇಳಿಸುವುದಿಲ್ಲ ಎಂದು ಬರೆದರೆ ಆ ಮನೆಯಲ್ಲಿ ಅವನಿಗೆ ಅನ್ನ ಹುಟ್ಟದು.

ಬೂತಿಗೆ ಬಾರದವರ ಬಳಿಗೆ ಅವನು ಬೂತನ್ನೇ ಒಯ್ದ. ಅತ್ತೆ ಪೇಪರು ಓದುವಾಗ ಹಿಂದೆ ನಿಂತು ಚಮಚ ಬೀಳಿಸಿದ. ಅತ್ತೆ ಪುಟ ತಿರುಗಿಸಿದರು. ಮಾರನೆಯ ದಿನ ಬಾಗಿಲ ಮರೆಯಿಂದ ಗಂಟೆ ಅಲ್ಲಾಡಿಸಿದ. ಅತ್ತೆ ಕನ್ನಡಕ ಒರೆಸಿಕೊಂಡರು. ಇನ್ನೊಂದು ದಿನ ಕಿಟಕಿಯ ಆಚೆ ನಿಂತು, ಮನೆಗೆ ಬೆಂಕಿ ಬಿದ್ದಿದೆ ಎಂದು ಪಿಸುಗುಟ್ಟಿದ. ಅತ್ತೆ ಆರಾಮಾಗಿ ಕೂತೇ ಇದ್ದರು. ಪಕ್ಕದ ಮನೆಯವರು ಮಾತ್ರ ಒಂದು ಬಕೆಟ್ಟು ನೀರು ತಂದರು. ಫಲಿತಾಂಶ ಹದಗೆಡುತ್ತಾ ಇದೆ ಅಣ್ಣ ಎಂದು ಅವನು ನನ್ನ ಬಳಿ ಗೋಳಾಡಿದ. ಅತ್ತೆ ಆಮೇಲೆ ಹೇಳಿದ್ದು ಬೇರೆ: ಚಮಚ ಬಿದ್ದಾಗಲೆಲ್ಲ ತಿರುಗಿ ನೋಡೋದಕ್ಕೆ ನಾನೇನು ಬೆಕ್ಕೇ?

ಇತ್ತ ಕಟ್ಟಡದಲ್ಲಿ ಎರಡು ಪಕ್ಷಗಳಾದವು. ‘ಆ’ ಸೋತದ್ದು ಸೂಪರಿಂಟೆಂಡೆಂಟರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಶಿಸ್ತು ಗೊತ್ತಿಲ್ಲದವರ ಬ್ರೆಡ್ಡು ತಮಗೆ ಬೇಡ ಎಂದು ಅವರು ಎರಡು ಬೀದಿ ಆಚೆಯ ಬೇಕರಿಗೆ ನಡೆದು ಹೋಗತೊಡಗಿದರು. ಬೇಕರಿಯವರು ತಮ್ಮ ಸ್ಕೂಟರನ್ನು ಸೂಪರಿಂಟೆಂಡೆಂಟರ ಜಾಗದಲ್ಲಿ ನಿಲ್ಲಿಸತೊಡಗಿದರು. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆಗೆ ಮುಖ ಮಾಡಿ ದಾಟುತ್ತಿದ್ದರು, ಇನ್ನೂ ಪರೀಕ್ಷೆಗೆ ಕೂತಿರುವವರ ಹಾಗೆ.

ಗಿಟಾರಿಗೆ ಮಾತ್ರ ಒಳ್ಳೆಯ ಕಾಲ ಬಂದಿತ್ತು. ‘ಇ’ಯನ್ನು ಖಾಯಂ ಮಾಡಿ ಬೆಸೆದು, ವಾರ್ಷಿಕೋತ್ಸವ ಮುಗಿಯುವವರೆಗೆ ಏನನ್ನೂ ಮುಟ್ಟಬಾರದು ಎಂದು ಟೇಪನ್ನು ಹಾಗೇ ಬಿಟ್ಟ. ಎರಡನೆಯ ರಿಹರ್ಸಲಿನಲ್ಲಿ ಔಷಧಿ ಕೌಂಟರಿನವರು, ಬೆಣ್ಣೆ ಸವರಿದ ಹಾಗಿದೆ, ಎಲ್ಲಿ ಸಿಕ್ಕಿತು ಈ ಪಿಕಪ್ ಎಂದರು. ದೊಡ್ಡ ಡಾಕ್ಟರು ಕಿವಿ ಮುಟ್ಟಿಕೊಳ್ಳಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಪರೀಕ್ಷೆ ಸರಿ, ಪಂಚರು ಸರಿ, ತಪ್ಪಿದ್ದು ಅತ್ತೆಯ ಕಿವಿಯೇ ಎಂದು ಅವನಿಗೆ ಖಾತ್ರಿಯಾಯಿತು. ಅಂದು ರಿಹರ್ಸಲಿನಿಂದ ಬಂದವನು ಊಟ ಮಾಡಲಿಲ್ಲವಂತೆ.

ಶುಕ್ರವಾರ ಸಂಜೆ ವಾರ್ಷಿಕೋತ್ಸವ. ಅತ್ತೆಯನ್ನು ನನ್ನ ಕಾರಿನಲ್ಲಿ ಕರೆದೊಯ್ಯುವುದು ಎಂದಾಯಿತು. ಹಿಂದಿನ ಸೀಟಿನಲ್ಲಿ ಸ್ಟಿಯರಿಂಗ್ ಇಲ್ಲದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ಕೂತಿದ್ದ ರೀತಿ ಕನ್ನಡಿಯಲ್ಲಿ ಕಂಡು ನಾನು ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿದೆ. ಸ್ವಲ್ಪ ದೂರ ಹೋದ ಮೇಲೆ, ಹಿಂದಿನ ಎಡಗಡೆ ಚಕ್ರದಲ್ಲಿ ಏನೋ ಕಚ್ಚಿಕೊಂಡಿದೆ, ಟಿಕ್ ಟಿಕ್ ಅಂತಿದೆ ಎಂದರು. ನನ್ನ ಹೆಂಡತಿ ಹಿಂದೆ ತಿರುಗಿ, ಅವರ ಕಿವಿಯ ಹತ್ತಿರ ಬಾಯಿಟ್ಟು, ಏನೂ ಇಲ್ಲಮ್ಮ, ನಿನಗೆ ಹಾಗೆ ಅನ್ನಿಸುತ್ತೆ ಅಷ್ಟೆ ಎಂದು ಕೂಗಿದಳು. ಅತ್ತೆ ಕಿಟಕಿಯ ಕಡೆ ತಿರುಗಿದರು.

ಆಸ್ಪತ್ರೆಯ ಹೊರರೋಗಿಗಳ ಹಾಲನ್ನೇ ಸಭಾಂಗಣ ಮಾಡಿದ್ದರು. ‘ಮೌನವಾಗಿರಿ’ ಎಂಬ ಫಲಕದ ಕೆಳಗೆ ಡ್ರಮ್ಮು, ಅದರ ಪಕ್ಕ ಎದೆಯೆತ್ತರದ ಸ್ಪೀಕರು. ಮೂರನೆಯ ಸಾಲಿನಲ್ಲಿ ಅತ್ತೆ, ಅವರ ಒಂದು ಪಕ್ಕ ಸೂಪರಿಂಟೆಂಡೆಂಟರು, ಇನ್ನೊಂದು ಪಕ್ಕ ನಾವು, ನಮ್ಮ ಆಚೆ ಬೇಕರಿಯವರು. ನಾಳೆ ಬೆಳಗ್ಗೆ ಫೈಲು ಮುಗಿಸಬೇಕು ಎಂದು ಸೂಪರಿಂಟೆಂಡೆಂಟರು ನನ್ನ ಕಡೆ ಬಾಗಿ, ಅತ್ತೆಯ ಮುಂದೆಯೇ, ಅತ್ತೆಗೆ ಕೇಳಿಸದೆಂಬ ಧೈರ್ಯದಿಂದ ಹೇಳಿದರು. ರಿಪೋರ್ಟು ಬರುವ ಲಕ್ಷಣವಿಲ್ಲ, ನಿಲ್ಲಿಸದೆ ಬೇರೆ ದಾರಿಯಿಲ್ಲ ಎಂದೂ ಹೇಳಿದರು. ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಹಾಡು ಶುರುವಾಯಿತು. ದೊಡ್ಡ ಡಾಕ್ಟರ ಕಂಠ ಇದ್ದದ್ದರಲ್ಲಿ ಚೆನ್ನಾಗಿತ್ತು. ಗಿಟಾರು ಅವರ ಹಿಂದೆ ಬೆಣ್ಣೆ ಸವರುತ್ತಾ ನಡೆದಿತ್ತು. ಲೈಟುಗಳ ಬಿಸಿಗೆ ಕಿವಿರಾಯ ಬೆವರುತ್ತಿದ್ದ. ಬೆವರಿದ ಕೈ ಟೇಪಿಗೆ ಉಜ್ಜುತ್ತಿತ್ತು. ಎರಡನೆಯ ಚರಣದ ನಡುವೆ ಆ ಬಿಳಿ ಟೇಪು ಒಂದು ಅಂಚಿನಿಂದ ಏಳುವುದು ನನಗೆ ಕೂತಲ್ಲಿಂದಲೇ ಕಂಡಿತು. ಅದು ಎದ್ದಿತು, ಸುರುಳಿಯಾಯಿತು, ಅವನ ತೋಳಿಗೆ ಅಂಟಿಕೊಂಡು ಬಂದೇಬಿಟ್ಟಿತು. ಮುಂದಿನ ಹೊಡೆತಕ್ಕೆ ಅವನ ಕೈ ಸ್ವಿಚ್ಚಿನ ಕಡ್ಡಿಗೆ ತಗುಲಿತು.

‘ಇ’ ತನ್ನ ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಟ್ಟಿತು.

ಅದು ಹೊಳಪಿನ ಪಿಕಪ್ಪೆಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಗಾಜಿನ ಲೋಟದ ರಾಶಿಯನ್ನು ಯಾರೋ ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗಾಯಿತು. ದೊಡ್ಡ ಡಾಕ್ಟರು ಎರಡು ಸಾಲು ನುಂಗಿದರು. ಮುಂದಿನ ಸಾಲಿನವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಎಲ್ಲರೂ ಬೆಚ್ಚಿದ್ದ ಆ ಕ್ಷಣದಲ್ಲಿ ನಮ್ಮ ಸಾಲಿನಲ್ಲಿ ಒಂದೇ ಒಂದು ಕೈ ಮಡಿಲಿನಿಂದ ನಿಧಾನವಾಗಿ ಮೇಲೆದ್ದಿತು. ಅತ್ತೆ ಬೆರಳೆತ್ತಿದ್ದರು.

ಕಿವಿರಾಯ ಅದನ್ನು ಕಂಡ. ಗಾಬರಿಯಲ್ಲಿ ಕಡ್ಡಿಯನ್ನು ಹಿಂದಕ್ಕೆ ತಳ್ಳಿದ. ಬೆಣ್ಣೆ ಮರಳಿ ಬಂತು. ಅತ್ತೆಯ ಬೆರಳು ಇಳಿಯಿತು. ಅವನು ಕಡ್ಡಿಯನ್ನು ನೋಡಿದ, ತೋಳಿಗಂಟಿದ ಟೇಪನ್ನು ನೋಡಿದ, ಅತ್ತೆಯನ್ನು ನೋಡಿದ. ಅವನ ಬಾಯಿ ತೆರೆದದ್ದು ಹಾಡುವುದಕ್ಕಲ್ಲ ಎಂದು ನನಗೆ ಗೊತ್ತಾಯಿತು. ನನಗೂ ಅದೇ ಕ್ಷಣದಲ್ಲಿ ಊಟದ ಮೇಜು, ಅದರ ಮೇಲೆ ತಲೆ ಬಲಕ್ಕೆ ಮಾಡಿ ಮಲಗಿದ್ದ ಗಿಟಾರು ಕಣ್ಣ ಮುಂದೆ ಬಂದವು. ಮೇಲಿನ ಕಂಪನಾಂಕಗಳು ಏರಿವೆ ಎಂದ ನನ್ನ ಮಾತೂ ನೆನಪಾಯಿತು.

ಆಮೇಲೆ ನಡೆದದ್ದನ್ನು ಸಂಗೀತ ಎನ್ನಲಾರೆ. ಕಿವಿರಾಯ ದೊಡ್ಡ ಡಾಕ್ಟರನ್ನೂ ಡ್ರಮ್ಮನ್ನೂ ಸಭೆಯನ್ನೂ ಮರೆತ. ಅವನ ಮುಖಕ್ಕೆ ಗಾಜಿನ ಈಚೆಯ ಆ ಕಳೆ ಬಂತು. ಕಡ್ಡಿ ಬ್ರಿಜ್ಜಿನ ಕಡೆಗೆ: ಬೆರಳು ಮೇಲೆ. ಕಡ್ಡಿ ಕತ್ತಿನ ಕಡೆಗೆ: ಬೆರಳು ಕೆಳಗೆ. ಸದ್ದು ತಗ್ಗಿಸಿ, ಬರೇ ಉಸಿರಿನಷ್ಟು ಮೆಲ್ಲಗೆ ನುಡಿಸಿ ಬದಲಿಸಿದ. ಬೆರಳು ಎದ್ದಿತು. ದೊಡ್ಡ ಡಾಕ್ಟರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾ, ಇವನು ಹಾಡಿಗೆ ಯಾವಾಗ ಮರಳುತ್ತಾನೆ ಎಂದು ಕಾಯುತ್ತಿದ್ದರು. ಔಷಧಿ ಕೌಂಟರಿನವರು ಡ್ರಮ್ ಬಾರಿಸುವುದನ್ನೇ ನಿಲ್ಲಿಸಿದರು.

ಸೂಪರಿಂಟೆಂಡೆಂಟರು ಅತ್ತೆಯ ಬೆರಳನ್ನು ನೋಡಿದರು. ವೇದಿಕೆಯನ್ನು ನೋಡಿದರು. ಅವರೂ ಬುದ್ಧಿವಂತರೇ. ಇದು ಬದಲಾವಣೆ ಅಂದರೆ, ಭಾನುವಾರ ತಾನು ಕೇಳಿದ ಶಿಸ್ತು ಯಾವುದು ಎಂಬ ಪ್ರಶ್ನೆ ಅವರ ಹಣೆಯ ಮೇಲೆ ಗೆರೆಗೆರೆಯಾಗಿ ಮೂಡಿತು. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ತನ್ನ ಕಿವಿಯೂ ಚುರುಕು ಎಂದು ತೋರಿಸುವುದು ವಾಸಿ ಎಂದು ತೋರಿರಬೇಕು. ಮುಂದಿನ ಬದಲಾವಣೆಗೆ ಅವರ ಬೆರಳೂ ಎದ್ದಿತು. ಆಚೆಯಿಂದ ಬೇಕರಿಯವರದೂ ಎದ್ದಿತು. ವಾರದಲ್ಲಿ ಮೊದಲ ಸಲ ಇಬ್ಬರೂ ಒಂದಾಗಿದ್ದರು.

ಆಗ ಕಿವಿರಾಯನಿಗೆ ತನ್ನ ಕಸುಬು ನೆನಪಾಯಿತು.

ಅವನು ಕೈಯನ್ನು ಸ್ವಿಚ್ಚಿನ ಬಳಿ ಒಯ್ದ, ತೋರುವ ಹಾಗೆ ದೊಡ್ಡದಾಗಿ ಮಣಿಕಟ್ಟು ತಿರುಗಿಸಿದ, ಆದರೆ ಕಡ್ಡಿಯನ್ನು ಮುಟ್ಟಲಿಲ್ಲ. ಹಿಂದಿನ ಸ್ವರವನ್ನೇ ಮತ್ತೆ ನುಡಿಸಿದ. ಇಡೀ ಹಾಲು ಉಸಿರು ಬಿಗಿಹಿಡಿದಿತ್ತು. ‘ಮೌನವಾಗಿರಿ’ ಎಂಬ ಫಲಕಕ್ಕೆ ಅಂಥ ಗೌರವ ಹಿಂದೆಂದೂ ಸಿಕ್ಕಿರಲಾರದು.

ಸೂಪರಿಂಟೆಂಡೆಂಟರ ಬೆರಳು ಎದ್ದಿತು. ಬೇಕರಿಯವರದು ಎದ್ದಿತು. ನನ್ನ ಹೆಂಡತಿಯದೂ ಅರ್ಧ ಎದ್ದಿತು.

ಅತ್ತೆಯ ಕೈ ಮಡಿಲಲ್ಲೇ ಇತ್ತು.

ಕಿವಿರಾಯ ವೇದಿಕೆಯ ಮೇಲಿಂದ ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಸೂಪರಿಂಟೆಂಡೆಂಟರ ಬೆರಳು ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಕನ್ನಡಕ ಸರಿಪಡಿಸಿಕೊಳ್ಳುವುದಕ್ಕೇ ಎದ್ದದ್ದು ಎಂಬಂತೆ ಮೂಗಿನ ಕಡೆ ಹೋಯಿತು. ಬೇಕರಿಯವರು ತಲೆ ಕೆರೆದುಕೊಂಡರು. ನನ್ನ ಹೆಂಡತಿಗೆ ಕಿವಿಯೋಲೆ ಸರಿಮಾಡಿಕೊಳ್ಳುವುದಿತ್ತು. ನನ್ನ ಎರಡೂ ಕೈಗಳನ್ನು ನಾನು ಆ ಮೊದಲೇ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ದೊಡ್ಡ ಡಾಕ್ಟರು ಕೊನೆಗೂ ತಾವೇ ಹಾಡು ಮುಗಿಸಿ ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ಏನಾಯಿತೆಂದು ಗೊತ್ತಾಗದಿದ್ದಾಗ ತಟ್ಟುವ ಜೋರಾದ ಚಪ್ಪಾಳೆ ಅದು.

ಹೊರಗೆ ಕಾರುಗಳ ಬಳಿ ಸೂಪರಿಂಟೆಂಡೆಂಟರು ಅತ್ತೆಯ ಮುಂದೆ ಬಂದು ನಿಂತರು. ಅಷ್ಟು ದಿನ ಕೂಗುತ್ತಿದ್ದವರು ಈಗ ಪಿಸುಮಾತಿನಲ್ಲಿ, ರಿಪೋರ್ಟಿನ ಅಗತ್ಯ ಕಾಣುವುದಿಲ್ಲ ಮೇಡಂ, ನಾನೇ ಕಣ್ಣಾರೆ ನೋಡಿದ್ದೇನೆ, ನಾಳೆ ಫೈಲು ಮುಗಿಸುತ್ತೇನೆ ಎಂದರು.

“ಇಲ್ಲ, ರಿಪೋರ್ಟು ಇರಲಿ,” ಎಂದರು ಅತ್ತೆ. “ಬೂತಿಗೆ ಬರ್ತೀನಿ. ಬೂತು ಇಲ್ಲೇ ತಾನೇ ಇದೆ, ಬೀಗ ಈಗಲೇ ತೆಗೆಸಿ. ಭಾನುವಾರ ಬೆರಳೆತ್ತಿದವರು ಮೊದಲು ಹೋಗ್ಲಿ, ನಾನು ಕೊನೆಗೆ ಹೋಗ್ತೀನಿ. ಲೈಸೆನ್ಸ್ ಇಟ್ಟುಕೊಂಡವರು ನೀವೂ ಇದ್ದೀರಲ್ಲ.”

ಸೂಪರಿಂಟೆಂಡೆಂಟರಿಗೆ ಥಟ್ಟನೆ ಮನೆಯಲ್ಲಿ ಯಾರೋ ಕಾಯುತ್ತಿರುವುದು ನೆನಪಾಯಿತು. ಬೇಕರಿಯವರಿಗೆ ಹಿಟ್ಟು ನಾದುವುದಿತ್ತು. ತಮ್ಮ ಸ್ಕೂಟರಿನಲ್ಲಿ ಬಿಡುತ್ತೇನೆ ಬನ್ನಿ ಎಂದು ಅವರು ಕರೆದರು. ಸೂಪರಿಂಟೆಂಡೆಂಟರು ಹಿಂದೆಮುಂದೆ ನೋಡದೆ ಹತ್ತಿ ಕೂತರು. ಪಾಪ, ‘ಆ’ ಮತ್ತು ‘ಇ’ ಒಂದೇ ಸ್ಕೂಟರಿನಲ್ಲಿ ಹೋದವು. ನಾವು ಉಳಿದವರು ಒಬ್ಬೊಬ್ಬರಾಗಿ ಬೂತಿನಲ್ಲಿ ಕೂತು ಬಂದೆವು. ಕೊನೆಗೆ ಅತ್ತೆ ಕೂತರು. ಹೊರಬರುವಾಗ ಕಿವಿರಾಯನ ಕಣ್ಣು ಒದ್ದೆಯಾಗಿತ್ತು. ನಿಮ್ಮ ಅರ್ಧ ವಯಸ್ಸಿನವರಿಗೂ ಇಂಥ ಕಿವಿ ಇಲ್ಲ ಅತ್ತೆ ಎಂದ. ನನ್ನ ರಿಪೋರ್ಟಿನ ವಿಷಯವನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ನನ್ನ ಹೆಂಡತಿ ಕೈಚೀಲದಿಂದ ಹಿಟ್ಟು ಮೆತ್ತಿದ ಕೀ ತೆಗೆದು ಅಮ್ಮನ ಮುಂದೆ ಹಿಡಿದಳು. ಸಂಜೆ ಹೊರಡುವಾಗಲೇ ಅದನ್ನು ಡಬ್ಬಿಯಿಂದ ತೆಗೆದು ಚೀಲದಲ್ಲಿ ಹಾಕಿಕೊಂಡಿದ್ದಳು. ಅತ್ತೆ ಕೀಯನ್ನು ಸೆರಗಿನಿಂದ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಕಡೆ ಕೈ ಚಾಚಿದರು. ನಾನು ನನ್ನ ಕಾರಿನ ಕೀಯನ್ನು ಕೊಟ್ಟೆ. ಅವರು ಸೀದಾ ಹಿಂದಿನ ಎಡ ಚಕ್ರದ ಬಳಿ ಹೋಗಿ, ಬಾಗಿ, ಟೈರಿನ ಸಂದಿನಿಂದ ಒಂದು ಚೂಪುಗಲ್ಲನ್ನು ಕೀಯ ತುದಿಯಿಂದ ಎಬ್ಬಿಸಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನದನ್ನು ಜೇಬಿಗೆ ಹಾಕಿಕೊಂಡೆ. ಬೇರೇನು ಮಾಡಬಹುದಿತ್ತು?

ಕಾರು ಅತ್ತೆಯೇ ಬಿಟ್ಟರು. ಮುಂದಿನ ಸೀಟಿನಲ್ಲಿ ಕಿವಿರಾಯ, ಮಡಿಲಲ್ಲಿ ಗಿಟಾರು. ಎಂಜಿನ್ನು ಹದವಾಗಿ ಗುನುಗುತ್ತಿತ್ತು. ಮಂಡಿನೋವಿನ ಗೆಳತಿಯ ಮನೆಯ ಮುಂದೆ ಅತ್ತೆ ಎರಡು ಸಲ ಹಾರ್ನ್ ಮಾಡಿದರು. ಮೇಲಿನ ಕಿಟಕಿಯಲ್ಲಿ ದೀಪ ಹೊತ್ತಿತು, ಟವೆಲೊಂದು ಹೊರಗೆ ಬಂದು ಬಾವುಟದ ಹಾಗೆ ಆಡಿತು.

ಕಟ್ಟಡದ ಗೇಟು ಹತ್ತಿರ ಬಂದಾಗ ಕಿವಿರಾಯನಿಗೆ ಧೈರ್ಯ ಬಂತು. ಅಂಗಡಿಯವರು ಉಳಿದ ಎರಡನ್ನೂ ಇನ್ನೂ ತೆಗೆದಿರಿಸಿದ್ದಾರೆ, ಈ ಸಲ ಸ್ವಿಚ್ಚು ಸರಿಯಾಗಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆ, ಪಂಚಾಯಿತಿ ಬೇಡ, ನೀವೊಬ್ಬರೇ ಕೇಳಿ ಯಾವುದು ಒಳ್ಳೆಯದು ಹೇಳಿದರೆ ಸಾಕು ಎಂದು ಬೇಡಿಕೊಂಡ.

ಅತ್ತೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದರು.

“ಪಿಕಪ್ಪಿಗೆ ಏನೂ ಆಗಿಲ್ಲ, ಅಳಿಯಂದಿರೇ. ಕೈ ಬದಲಾಯಿಸಿ ಕೊಡ್ತಾರಾ ಅಂತ ಅಂಗಡಿಯವರನ್ನ ಒಂದು ಮಾತು ಕೇಳಿ ನೋಡಿ.”